ನಾನು ಗೀಜಗ ಎಂದು ಬರೆದ ಹಕ್ಕಿ

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಫಾರೆಸ್ಟ್ ಗಾರ್ಡುಗಳಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಊಟಕ್ಕೆ ಹೊತ್ತಾಯಿತು ಎಂದು ಮೈಕ್ ಇಸಿದುಕೊಂಡರು. ಅರಣ್ಯ ಇಲಾಖೆಯ ನನ್ನ ಮೂವತ್ತನಾಲ್ಕು ವರ್ಷದ ನೌಕರಿಯನ್ನು ಬದನೆಕಾಯಿ ಪಲ್ಯಕ್ಕಾಗಿ ಮುಗಿಸಿಬಿಟ್ಟರು! ಇರಲಿ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಸಿಟ್ಟಿನಿಂದಲೇ ಬರೆಯುತ್ತೇನೆ, ಯಾಕೆಂದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಹೊಸ ಗಾರ್ಡ್ ಒಬ್ಬ ಫೋನು ತೆಗೆದು ಬೇಲಿಯ ಮೇಲಿನ ಹಕ್ಕಿಯೊಂದರ ಫೋಟೊ ಹೊಡೆದ. ಫೋನು ಮೂರು ಹೆಸರು ತೋರಿಸಿತು. ಅವನು ಮೊದಲನೆಯದನ್ನು ಒತ್ತಿ, ಆಯಿತು ಎಂದು ಜೇಬಿಗೆ ಇಟ್ಟುಕೊಂಡ.

"ತಮ್ಮಾ, ಎರಡನೇದು ಯಾಕ ಅಲ್ಲ?" ಎಂದೆ.

"ಮ್ಯಾಲಿಂದೇ ಖರೇದು ಇರ್ತದ್ರಿ ಸರ್," ಎಂದ.

ಅವನಿಗೆ ಬೈಯಲು ನನಗೆ ಯೋಗ್ಯತೆ ಇರಲಿಲ್ಲ. ಫೋನಿಲ್ಲದೆಯೇ ನಾನು ಅದೇ ಕೆಲಸ ಮಾಡಿದ್ದೇನೆ.

ನಮ್ಮ ಕಾಲದಲ್ಲಿ ಫೋನಿನ ಬದಲು ಗೋಡೆಯ ಮೇಲೊಂದು ಬಣ್ಣದ ಚಿತ್ರಪಟ ಇತ್ತು. ನಮ್ಮ ನಾಡಿನ ಪಕ್ಷಿಗಳು ಎಂದು ಮೇಲೆ ಬರೆದಿತ್ತು. ಆ ಪಟದಲ್ಲಿ ಇದ್ದದ್ದು ಹಕ್ಕಿ, ಇಲ್ಲದ್ದು ಹಕ್ಕಿಯೇ ಅಲ್ಲ ಎಂಬಂತೆ ನಾವು ನಡೆದುಕೊಂಡೆವು. ಇನ್ನೊಂದು ಪೀಡೆ ಪಂಚನಾಮೆಯ ನಮೂನೆ. ಅದರಲ್ಲಿ ಪ್ರಾಣಿಯ ಹೆಸರು ಎಂದು ಒಂದು ಖಾನೆ. ಖಾಲಿ ಬಿಡುವ ಹಾಗಿಲ್ಲ. ಗೊತ್ತಿಲ್ಲ ಎಂದು ಬರೆದರೆ ಕಾಗದ ತಿರುಗಿ ಬರುತ್ತಿತ್ತು, ಜೊತೆಗೆ ನಿಮಗೆ ಸಂಬಳ ಯಾತಕ್ಕೆ ಎಂಬ ಮಾತೂ ಬರುತ್ತಿತ್ತು. ಹೀಗಾಗಿ ಗೊತ್ತಿಲ್ಲದ್ದಕ್ಕೂ ಒಂದು ಹೆಸರು ಕೊಡುವುದನ್ನು ನಾವು ಕಲಿತೆವು. ಇದನ್ನು ಯಾರೂ ಟ್ರೇನಿಂಗಿನಲ್ಲಿ ಕಲಿಸುವುದಿಲ್ಲ, ಕುರ್ಚಿಯೇ ಕಲಿಸುತ್ತದೆ.

ಕುರಕುಂಟಾದ ರೈತರೊಬ್ಬರು ಒಮ್ಮೆ ತೊಗರಿ ಹೊಲದಲ್ಲಿ ಸಿಕ್ಕ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ತಂದುಕೊಟ್ಟರು. ಆಗಿನ ಸಾಹೇಬರು ಅದನ್ನು ಚಿರತೆ ಮರಿ ಎಂದು ಬರೆಸಿ, ಎರಡು ದಿನ ಬಂದಬಂದವರಿಗೆಲ್ಲ ತೋರಿಸಿದರು. ಮೂರನೆಯ ದಿನ ನಮ್ಮ ಹಳೆಯ ವಾಚರ್ ಹಣಮಂತಪ್ಪ ರಜೆ ಮುಗಿಸಿ ಬಂದವನು ಬುಟ್ಟಿಯೊಳಗೆ ಇಣುಕಿ, "ಏನ್ರಿ ಇದು, ಕಾಡಬೆಕ್ಕಿನ ಮರಿ ತಂದಿಟ್ಕೊಂಡು ಕುಂತೀರಿ? ತಾಯಿ ಹೊಲದಾಗ ಒದರಿ ಸತ್ತಿರಬೇಕು," ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮರಿಯನ್ನು ಅದೇ ಹೊಲಕ್ಕೆ ಒಯ್ದು ಬಿಟ್ಟೆವು, ತಾಯಿ ಸಿಕ್ಕಿತೋ ಇಲ್ಲವೋ ನೋಡಲು ಯಾರೂ ನಿಲ್ಲಲಿಲ್ಲ. ಆ ದಿನ ನಗುವ ಬದಲು ಬುದ್ಧಿ ಕಲಿತಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮುಂದಿನದು ಶಹಾಬಾದಿನಲ್ಲಿ ಆಯಿತು, ನನ್ನ ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ. ಯಾವ ಕಚೇರಿ, ಯಾವ ಸಾಹೇಬರು ಎಂದು ಹೇಳುವುದಿಲ್ಲ. ಸಾಹೇಬರು ಬೆಂಗಳೂರಿನ ಕಡೆಯವರು ಎಂದಷ್ಟೇ ತಿಳಿದುಕೊಳ್ಳಿ. ಎಳ್ಳಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಶಹಾಬಾದಿನಲ್ಲಿ ಒಬ್ಬ ಮುದುಕ ಕಾಡಿನ ಹಕ್ಕಿ ಹಿಡಿದು ಸಾಕಿದ್ದಾನೆ ಎಂದು ಯಾರೋ ಫೋನು ಮಾಡಿದರು. ಸಾಹೇಬರಿಗೆ ಆ ವಾರ ಒಂದು ಕೇಸು ಬೇಕಾಗಿತ್ತು, ಮೇಲಿನಿಂದ ವರದಿ ಕೇಳಿದ್ದರು. ಜೀಪು ಹತ್ತಿದೆವು.

ಆ ಮುದುಕನ ಹೆಸರು ಉಸ್ಮಾನಸಾಬ. ಜೀವಮಾನವೆಲ್ಲ ಕಲ್ಲಿನ ಪಾಲಿಶ್ ಮಷೀನಿನ ಮುಂದೆ ನಿಂತು ದುಡಿದವರು, ಆ ಪುಡಿ ಕುಡಿದು ಕುಡಿದು ಸದಾ ಕೆಮ್ಮುತ್ತಿದ್ದರು. ಮನೆಯ ಹಿಂದೆ ಫರಸಿ ಕಲ್ಲುಗಳನ್ನೇ ನಿಲ್ಲಿಸಿ ಗೋಡೆ ಮಾಡಿ, ಮೇಲೆ ತಂತಿ ಜಾಳಿಗೆ ಹೊದಿಸಿ ಹಕ್ಕಿಗಳಿಗೊಂದು ಕೋಣೆ ಕಟ್ಟಿದ್ದರು. ಒಳಗೆ ಇಪ್ಪತ್ತೆರಡು ಹಕ್ಕಿ. ಗುಬ್ಬಿಯ ಗಾತ್ರ. ಗಂಡುಗಳ ಮೈಯೆಲ್ಲ ಅರಿಸಿನ, ಹಣೆ ಮಾತ್ರ ಕೇಸರಿ. ಹೆಣ್ಣುಗಳು ಸ್ವಲ್ಪ ಮಂಕು. ಕಾಳು ಒಡೆಯುವ ಗಿಡ್ಡ ದಪ್ಪ ಕೊಕ್ಕು. ನವಣೆ ತಿನ್ನುತ್ತ, ಚಿಲಿಪಿಲಿ ಎನ್ನುತ್ತ ಮನುಷ್ಯರ ಭಯವಿಲ್ಲದೆ ಕುಳಿತಿದ್ದವು. ಗೋಡೆಗೆ ಸಾಲಾಗಿ ಸಣ್ಣ ಗಡಿಗೆಗಳನ್ನು ಕಟ್ಟಿದ್ದರು, ಕೆಲವು ಹಕ್ಕಿಗಳು ಗಡಿಗೆಯ ಬಾಯಿಂದ ತಲೆ ಹೊರಗೆ ಹಾಕಿ ನಮ್ಮನ್ನು ನೋಡುತ್ತಿದ್ದವು.

"ಇವು ನಮ್ಮ ಮುಲ್ಕಿನ ಹಕ್ಕಿ ಅಲ್ರಿ ಸಾಹೇಬ್ರ," ಎಂದರು ಉಸ್ಮಾನಸಾಬ. "ಇವಕ್ಕ ನಾವು ಜಾಫ್ರಾನಿ ಅಂತೀವ್ರಿ. ಸಮುದ್ರದಾಚಿ ದಕ್ಷಿಣ ಅಮೆರಿಕದಾಗ ದೊಡ್ಡ ದೊಡ್ಡ ಹುಲ್ಲಿನ ಬಯಲು ಅವ ನೋಡ್ರಿ, ಇವುರ ಖಾಂದಾನ ಅಲ್ಲಿಂದು. ನಮ್ಮ ಉಸ್ತಾದ್ರು ಹೈದ್ರಾಬಾದಿಂದ ಒಂದು ಜೋಡಿ ತಂದು ಕೊಟ್ಟಿದ್ರು. ಇವೆಲ್ಲಾ ಇದೇ ಗಡಿಗ್ಯಾಗ ಹುಟ್ಟ್ಯಾವ."

"ಎಲ್ಲ ಹಕ್ಕಿ ಕಳ್ಳರೂ ಫಾರಿನ್ನದು ಅಂತಾನೇ ಹೇಳೋದು," ಎಂದರು ಸಾಹೇಬರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ವಾಡಿ ಜಂಕ್ಷನ್ನಿನಲ್ಲಿ ನಮ್ಮ ಊರ ಗಿಳಿಗಳನ್ನೇ ಪರದೇಶದವು ಎಂದು ಸಾಗಿಸುವವರನ್ನು ನಾನೇ ಹಿಡಿದಿದ್ದೇನೆ. ಆದ್ದರಿಂದಲೇ ಹೆಸರು ಮುಖ್ಯ. ನಮ್ಮ ನಾಡಿನ ಹಕ್ಕಿಯಾದರೆ ಉಸ್ಮಾನಸಾಬರ ಮೇಲೆ ಕೇಸು, ಜೈಲು. ಪರನಾಡಿನ ಆ ಹಕ್ಕಿಯೇ ಆದರೆ ಅವರದು ತಪ್ಪೇ ಇಲ್ಲ. ಒಬ್ಬ ಮನುಷ್ಯನ ಮರ್ಯಾದೆ ನನ್ನ ಪೆನ್ನಿನ ತುದಿಯಲ್ಲಿ ಇತ್ತು.

ಸಾಹೇಬರು ನನ್ನ ಕಡೆ ತಿರುಗಿ, "ಏನ್ರೀ ಶರಣಪ್ಪ, ನೀವು ಇದೇ ಕಡೆಯವರಲ್ವಾ, ಏನಿದು ಹೇಳಿ," ಎಂದರು.

ನನ್ನ ಕಣ್ಣಿಗೆ ಕಚೇರಿಯ ಗೋಡೆಯ ಪಟ ಬಂದಿತು. ಅದರ ಮೂರನೆಯ ಸಾಲಿನಲ್ಲಿ ಹಳದಿ ಬಣ್ಣದ ಗುಬ್ಬಿಯಂಥ ಹಕ್ಕಿ ಒಂದೇ. "ಗೀಜಗ ಇರಬೇಕ್ರಿ," ಎಂದೆ. ಇರಬೇಕು ಎಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಖಾನೆಯಲ್ಲಿ ಬರೆಯಿರಿ ಎಂದರು, ಬರೆದೆ.

ಉಸ್ಮಾನಸಾಬರ ಮಗಳು ನಸೀಮಾ ಅಂಗನವಾಡಿ ಟೀಚರ್. ಬಾಗಿಲ ಹತ್ತಿರ ನಿಂತಿದ್ದವಳು ಮುಂದೆ ಬಂದಳು. "ಸಾಹೇಬ್ರ, ಗೀಜಗ ಗಡಿಗ್ಯಾಗ ತತ್ತಿ ಇಡ್ತದೇನ್ರಿ? ಅದು ಬಾವಿ ಮ್ಯಾಲಿನ ಜಾಲಿ ಗಿಡಕ್ಕ ಜೋತುಬೀಳ್ಹಂಗ ಗೂಡು ಹೆಣೀತದ. ನಮ್ಮ ಅಂಗನವಾಡಿ ಹುಡುಗ್ರಿಗೂ ಗೊತ್ತದ ಇದು!"

ಆ ಹೆಣ್ಣುಮಗಳ ಮಾತು ನನ್ನ ಕೆನ್ನೆಗೆ ಹೊಡೆದಂತಾಯಿತು. ಆದರೂ ಬರೆದ ಹೆಸರಿಗೆ ಗೀಟು ಹಾಕಲಿಲ್ಲ.

ಆಮೇಲೆ ಉಸ್ಮಾನಸಾಬರು ಒಂದು ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಅದರ ಕಾಲು ತೋರಿಸಿದರು. ಕಾಲಲ್ಲಿ ಸಣ್ಣದೊಂದು ಲೋಹದ ಬಳೆ. ಹಳೆಯ ರೇಡಿಯೊದ ಏರಿಯಲ್ ಕೊಳವೆಯನ್ನು ಸಣ್ಣಗೆ ಕೊಯ್ದು, ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು. ಜೋಡಣೆ ಇಲ್ಲ, ಬೆಸುಗೆ ಇಲ್ಲ, ಪೂರಾ ದುಂಡು. "ಮರಿ ಆರು ದಿನದ್ದಿದ್ದಾಗ ಹಾಕ್ತೀನ್ರಿ," ಎಂದರು. "ದೊಡ್ಡದಾದ ಮ್ಯಾಲ ಪಂಜಾ ಇದರಾಗ ಹೋಗಂಗಿಲ್ಲ. ಜಂಗಲದಾಗ ಹಿಡದ ಹಕ್ಕಿಗಿ ಇಂಥಾದ್ದೊಂದು ಹಾಕಿ ತೋರಸ್ರಿ, ನಾನಾಗೇ ಜೈಲಿಗಿ ಬರ್ತೀನಿ."

ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕಾಗಿತ್ತು? ಕಾಲಲ್ಲಿ ಬಳೆ ಇದೆ ಎಂದು ನಮೂನೆಯಲ್ಲಿ ಬರೆಯಲು ಹೋದೆ. ಸಾಹೇಬರು ಕೈ ಅಡ್ಡ ಹಿಡಿದರು. "ಬಳೆ ಗಿಳೆ ಬರೀಬೇಡ್ರೀ, ನಾಳೆ ಲಾಯರ್ ಅದನ್ನೇ ಹಿಡ್ಕೊಂಡು ಎಳೀತಾನೆ."

ಬರೆಯಲಿಲ್ಲ. ಹೌದು, ನಾನು ಬರೆಯಲಿಲ್ಲ. ಸಾಹೇಬರ ಮೇಲೆ ಎಷ್ಟೇ ಕಿಡಿಕಾರಿದರೂ ಪೆನ್ನು ನನ್ನ ಕೈಯಲ್ಲಿ ಇತ್ತು. ಪಂಚರ ಸಹಿ ಹಾಕಿಸಿ, ಕೆಳಗೆ ನನ್ನ ಸಹಿ ಮಾಡಿ, ಹಕ್ಕಿಗಳನ್ನು ಉಸ್ಮಾನಸಾಬರದೇ ನಾಲ್ಕು ಪಂಜರಕ್ಕೆ ತುಂಬಿಕೊಂಡು ಹೊರಟೆವು. ಉಸ್ಮಾನಸಾಬರು ನವಣೆಯ ಚೀಲ ಹಿಡಿದುಕೊಂಡು ಜೀಪಿನ ಹಿಂದೆ ಬಂದರು. "ದಾಣಿ ಒಯ್ರಿ, ಇವಕ್ಕ ಬ್ಯಾರೆ ತಿನ್ನಾಕ ಬರಂಗಿಲ್ಲ," ಎನ್ನುತ್ತಿದ್ದರು. ಜೀಪು ನಿಲ್ಲಿಸಲಿಲ್ಲ.

ಹಕ್ಕಿಗಳನ್ನು ಚಿಂಚೋಳಿ ಕಾಡಿನಲ್ಲಿ ಬಿಡುವುದು, ಪೇಪರಿನವರನ್ನು ಕರೆಸುವುದು ಎಂದು ಸಾಹೇಬರು ದಾರಿಯಲ್ಲೇ ಫೋನಿನಲ್ಲಿ ಎಲ್ಲ ಗೊತ್ತು ಮಾಡಿದರು. ಆ ದಿನವೇ ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನೂ ಪಡೆದರು. ಅಪ್ಪಣೆ ಕೊಟ್ಟವರು ನೋಡಿದ್ದು ನನ್ನ ಕಾಗದವನ್ನು, ಹಕ್ಕಿಯನ್ನಲ್ಲ. ಮರುದಿನ ಬೆಳಿಗ್ಗೆ ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯ ಹಾದಿ ಹಿಡಿದೆವು. ಪಂಜರಗಳು ನನ್ನ ಕಾಲ ಬಳಿ ಇದ್ದವು.

ಸೇಡಂ ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ. ತೆನೆ ಹಾಲುಗಟ್ಟಿ, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಡ್ರೈವರ್ ಮಲ್ಲಪ್ಪ ಜೀಪಿಗೆ ನೀರು ಹಾಕಲು ನಿಲ್ಲಿಸಿದ. ನಾನು ಇಳಿದು ಬದುವಿನ ಮೇಲೆ ನಿಂತೆ. ಎದುರಿನ ಹೊಲದ ತೆನೆಗಳ ಮೇಲೆ ಒಂದು ಹಿಂಡು ಹಕ್ಕಿ ಕುಳಿತಿತ್ತು. ಗೀಜಗ. ನಾನು ಗುಂಡಗುರ್ತಿಯವನು. ಚಿಕ್ಕಂದಿನಲ್ಲಿ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಇವೇ ಹಕ್ಕಿಗಳನ್ನು ಓಡಿಸಿ ದೊಡ್ಡವನಾದವನು. ಹಿಂಡಿನಲ್ಲಿ ಒಂದಕ್ಕೂ ಹಳದಿ ಇರಲಿಲ್ಲ. ಎಲ್ಲವೂ ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಗೀರು.

ಅಯ್ಯೋ ನನ್ನ ಬುದ್ಧಿಗೆ ಮಣ್ಣು ಬೀಳಲಿ! ಗೀಜಗದ ಗಂಡಿಗೆ ಹಳದಿ ಬರುವುದು ಮಳೆಗಾಲದಲ್ಲಿ, ಗೂಡು ಹೆಣೆಯುವಾಗ. ಆಗಲೂ ಮುಖ ಕಪ್ಪಾಗಿರುತ್ತದೆ. ಚಳಿಗಾಲಕ್ಕೆ ಆ ಬಣ್ಣವೆಲ್ಲ ಕಳಚಿ ಗಂಡೂ ಹೆಣ್ಣೂ ಒಂದೇ ಥರ ಕಾಣುತ್ತವೆ. ಇದು ನನಗೆ ಏಳು ವರ್ಷದ ವಯಸ್ಸಿನಿಂದ ಗೊತ್ತು. ಪಟ ಬರೆದವನು ಚೆಂದ ಕಾಣಲೆಂದು ಮಳೆಗಾಲದ ಗೀಜಗ ಬರೆದಿದ್ದ. ನಾನು ಹೊಲ ಮರೆತು ಪಟ ನಂಬಿದೆ. ಪಂಜರ ನೋಡಿದೆ. ಎಳ್ಳಮಾವಾಸ್ಯೆಯ ಚಳಿಯಲ್ಲಿ ಅರಿಸಿನದ ಹಾಗೆ ಹಳದಿ, ಮುಖದ ಮೇಲೆ ಕಪ್ಪಿನ ಸುಳಿವಿಲ್ಲ, ಹಣೆ ಕೇಸರಿ. ಉಸ್ಮಾನಸಾಬರು ಹೇಳಿದ ಹಕ್ಕಿಯೇ ಇದು.

ಓಡಿ ಹೋಗಿ ಸಾಹೇಬರಿಗೆ ಹೇಳಿದೆ. "ಸರ್, ಇವು ಗೀಜಗ ಅಲ್ರಿ. ಅಲ್ಲಿ ನೋಡ್ರಿ ಗೀಜಗ. ನಾ ತಪ್ಪ ಬರದೀನಿ. ಇವನ್ನ ಕಾಡಿಗಿ ಬಿಟ್ರ ಸಾಯ್ತಾವ."

"ಹಳದಿ ಇದೆ, ಗುಬ್ಬಿ ಥರ ಇದೆ, ಇನ್ನೇನ್ರೀ ಬೇಕು?" ಎಂದರು. "ಬರೆದಾಗಿದೆ. ಪ್ರೆಸ್‌ನೋರು ಬಂದು ಕಾಯ್ತಿದಾರೆ. ನಿಮ್ಮ ಸಹಿ ಇರೋದು ಅದರ ಮೇಲೆ, ನನ್ನದಲ್ಲ. ಯೋಚನೆ ಮಾಡಿ ಮಾತಾಡಿ."

ಮಲ್ಲಪ್ಪ ನನ್ನ ಮುಖ ನೋಡಿದ. ನಾನು ಜೀಪು ಹತ್ತಿದೆ. ಇಳಿದು ಪಂಜರ ಹಿಡಿದು ನಿಂತುಬಿಡಬೇಕಾಗಿತ್ತು. ಏನು ಮಾಡುತ್ತಿದ್ದರು, ಗುಂಡು ಹೊಡೆಯುತ್ತಿದ್ದರೇ? ಇವತ್ತಿಗೂ ಆ ಬದುವಿನ ಮೇಲೆ ನಿಂತ ಹಾಗೇ ಅನಿಸುತ್ತದೆ.

ಚಿಂಚೋಳಿ ಕಾಡಿನ ಕೆರೆಯ ದಂಡೆಯಲ್ಲಿ ಪೆಂಡಾಲು ಹಾಕದ್ದೊಂದು ಬಾಕಿ. ಸಾಹೇಬರು ಕರಿ ಕನ್ನಡಕ ಹಾಕಿಕೊಂಡು ಪಂಜರದ ಬಾಗಿಲು ತೆರೆದರು. ಒಂದು ಹಕ್ಕಿಯೂ ಹಾರಲಿಲ್ಲ. ಪೇಪರಿನವರು ಕ್ಯಾಮೆರಾ ಹಿಡಿದು ಕಾದರು. ಪಂಜರ ಅಲುಗಾಡಿಸಿದರು, ತಟ್ಟಿದರು. ಕೊನೆಗೆ ತಲೆಕೆಳಗೆ ಮಾಡಿ ಕೊಡವಿದರು. ನೆಲಕ್ಕೆ ಬಿದ್ದ ಹಕ್ಕಿಗಳು ಜನರ ಕಾಲ ಸಂದಿಯಲ್ಲೇ ಕುಪ್ಪಳಿಸಿ ಕಾಳು ಹುಡುಕತೊಡಗಿದವು. ಒಂದು ಗಂಡು ಸಾಹೇಬರ ಬೂಟಿನ ಮೇಲೆ ಹತ್ತಿ ಕುಳಿತಿತು. "ನೋಡಿ, ಥ್ಯಾಂಕ್ಸ್ ಹೇಳ್ತಿದೆ!" ಎಂದರು ಅವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಫೋಟೊವೇ ಪೇಪರಿನಲ್ಲಿ ಬಂದದ್ದು. ಥೂ.

ನಾನು ಆ ದಿನ ಚಿಂಚೋಳಿಯಲ್ಲೇ ಉಳಿದು, ಬೆಳಕು ಹರಿಯುತ್ತಲೇ ಕೆರೆಗೆ ಹೋದೆ. ಕೆಟ್ಟ ಚಳಿ. ಕಾಡಿನ ಹಕ್ಕಿಗೆ ಪೊದೆ ಗೊತ್ತು, ಶತ್ರು ಗೊತ್ತು. ಗಡಿಗೆಯಲ್ಲಿ ಹುಟ್ಟಿದವಕ್ಕೆ ಏನು ಗೊತ್ತು? ದಂಡೆಯ ಬಯಲಲ್ಲೇ ಒಂದಕ್ಕೊಂದು ಒತ್ತಿಕೊಂಡು ಏಳು ಸತ್ತಿದ್ದವು. ಸ್ವಲ್ಪ ಮುಂದೆ ಒಂದು ಬಂಡೆಯ ಮೇಲೆ ಡೇಗೆ ಕುಳಿತು ತಿಂದು ಹೋದ ಗುರುತು, ಹಳದಿ ಪುಕ್ಕ, ಬಳೆ ಸಮೇತ ಕಾಲುಗಳು. ಮೂರು ಬಳೆ ಆರಿಸಿ ಜೇಬಿಗೆ ಹಾಕಿಕೊಂಡೆ. ಉಳಿದವು ಎಲ್ಲಿ ಹೋದವೋ ಕಾಣಲಿಲ್ಲ. ಜೀವ ಇದ್ದದ್ದು ಒಂದೇ ಹೆಣ್ಣು, ಪುಕ್ಕ ಉಬ್ಬಿಸಿಕೊಂಡು ಹುಲ್ಲಿನ ಬುಡದಲ್ಲಿ ಕುಳಿತಿತ್ತು. ಹಿಡಿದರೆ ಓಡಲೂ ಇಲ್ಲ. ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು, ಬಸ್ಸು ಬದಲಿಸುತ್ತ ಶಹಾಬಾದಿಗೆ ಹೋದೆ.

ಹಿಂದಿನ ದಿನ ಕಚೇರಿಗೆ ಕರೆಸಿ ಬಂಧಿಸಿದ್ದ ಉಸ್ಮಾನಸಾಬರು ಜಾಮೀನಿನ ಮೇಲೆ ಮನೆಗೆ ಬಂದಿದ್ದರು. ನಾನು ವಲ್ಲಿ ಬಿಚ್ಚಿ ತೋರಿಸಿದೆ. ಮುದುಕ ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ಸರ್ಕಾರ ಜಪ್ತ ಮಾಡಿದ ಮುದ್ದೇಮಾಲು ಅಲ್ಲೇನ್ರಿ? ನಾ ಮುಟ್ಟಿದ್ರ ಮತ್ತೊಂದು ಕೇಸ್ ಹಾಕ್ತೀರಿ."

"ಚಾಚಾ, ನಂದು ತಪ್ಪಾಗ್ಯದ," ಎಂದೆ.

"ಉಳಿದಾವು?"

ನಾನು ತಲೆ ಅಲ್ಲಾಡಿಸಿದೆ. ನಸೀಮಾ ಬಂದು ನನ್ನ ಕೈಯಿಂದ ಹಕ್ಕಿಯನ್ನು ತೆಗೆದುಕೊಂಡು ಒಳಗೆ ಹೋದಳು. ಅದು ಮರುದಿನ ಸತ್ತಿತು ಎಂದು ಆಮೇಲೆ ಗೊತ್ತಾಯಿತು. ಉಸ್ಮಾನಸಾಬರು ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಹೇಳಿದರು: "ಹಕ್ಕಿ ಹ್ವಾದ್ವು. ನಂಗ ಓಣ್ಯಾಗ ಹಕ್ಕಿ ಕಳ್ಳ ಅನ್ನಾಕತ್ತಾರ. ಅದೂ ಹೋಗ್ಲಿ. ಇವು ಏನಿದ್ವು ಅಂತ ಹೆಸರಾದ್ರೂ ಖರೆ ಬರೀರಿ. ಅಷ್ಟು ಮಾಡ್ರಿ."

ಕಚೇರಿಗೆ ಹೋಗಿ ತಿದ್ದುಪಡಿ ವರದಿ ಬರೆದೆ. ಸಾಹೇಬರು ನನ್ನ ಎದುರಿಗೇ ಹರಿದರು. ಮತ್ತೆ ಬರೆದೆ, ಆವಕ ಗುಮಾಸ್ತನಿಗೆ ಕೊಟ್ಟು ನಂಬರು ಹಾಕಿಸಿಕೊಂಡೆ. ಅದಕ್ಕೆ ಉತ್ತರವಾಗಿ ಬಂದದ್ದು ಮೆಮೊ: ಕರ್ತವ್ಯದಲ್ಲಿ ಗೊಂದಲ ಸೃಷ್ಟಿಸಿದ್ದಕ್ಕೆ ಕಾರಣ ಕೇಳಿ. ಜೊತೆಯ ಕೆಲಸಗಾರರು ನನ್ನ ಹತ್ತಿರ ಕುಳಿತು ಚಹಾ ಕುಡಿಯುವುದನ್ನು ಬಿಟ್ಟರು. "ಯಾಕ ಸುಮ್ನ ಮೈಮ್ಯಾಲ ಹಾಕ್ಕೋತಿ ಶರಣಪ್ಪಾ, ಗುಬ್ಬಿ ಸಲುವಾಗಿ?" ಎಂದು ಮಲ್ಲಪ್ಪ ಕೂಡ ಕೇಳಿದ.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಸಾಹೇಬರು ವರ್ಗವಾಗಿ ಹೋಗಿದ್ದರು. ಸಾಕ್ಷಿ ಕಟಕಟೆಯಲ್ಲಿ ನಾನು ನಿಂತೆ. ಪಂಚನಾಮೆ ತೋರಿಸಿ, ಈ ಅಕ್ಷರ ನಿಮ್ಮದೇ ಏನು ಎಂದು ಕೇಳಿದರು. "ನಂದೇ. ಬರದದ್ದು ತಪ್ಪು," ಎಂದೆ. ಸರ್ಕಾರಿ ವಕೀಲರು ಕಣ್ಣು ಕೆಂಪು ಮಾಡಿದರು. ನಾನು ಜೇಬಿನಿಂದ ಮೂರು ಬಳೆ ತೆಗೆದು ಮೇಜಿನ ಮೇಲೆ ಇಟ್ಟು, ಮಳೆಗಾಲದ ಗೀಜಗ, ಚಳಿಗಾಲದ ಗೀಜಗ, ಗಡಿಗೆ, ಹಣೆಯ ಕೇಸರಿ, ಎಲ್ಲ ಹೇಳಿದೆ. ಜಡ್ಜ್ ಸಾಹೇಬರು ಒಂದು ಬಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬೆಸುಗೆ ಹುಡುಕಿದರು.

"ಇದನ್ನ ಅವತ್ತೇ ಯಾಕೆ ಬರೀಲಿಲ್ಲ?" ಎಂದು ಕೇಳಿದರು.

"ಅಂಜಿದೆ ಸಾಹೇಬ್ರ," ಎಂದೆ. ಮೂವತ್ತು ಚಿಲ್ಲರೆ ವರ್ಷದಲ್ಲಿ ನಾನು ಕೊಟ್ಟ ಅತ್ಯಂತ ಖರೆ ಸಾಕ್ಷಿ ಅದು.

ಉಸ್ಮಾನಸಾಬರು ಬಿಡುಗಡೆಯಾದರು. ಮುದ್ದೇಮಾಲನ್ನು ಮಾಲೀಕರಿಗೆ ಹಿಂದಿರುಗಿಸಿ ಎಂದು ಆದೇಶವಾಯಿತು. ನಮ್ಮ ಕಚೇರಿ ಆದೇಶವನ್ನು ಅಕ್ಷರಶಃ ಪಾಲಿಸಿತು: ನಾಲ್ಕು ಖಾಲಿ ಪಂಜರ, ಮೂರು ಬಳೆ. ಒಯ್ದು ಕೊಟ್ಟವನು ನಾನೇ. ಉಸ್ಮಾನಸಾಬರು ಎರಡು ಬಳೆ ಇಟ್ಟುಕೊಂಡು ಒಂದನ್ನು ನನ್ನ ಅಂಗೈಗೆ ಹಾಕಿದರು. "ಬರೆಯೋ ಮುಂದ ನೋಡ್ಕೋರಿ," ಎಂದರು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಹಕ್ಕಿ ಕೋಣೆಯಲ್ಲಿ ನಸೀಮಾ ಕಟ್ಟಿಗೆ ಒಟ್ಟಿದ್ದಳು. ಗಡಿಗೆಗಳು ಮಾತ್ರ ಹಾಗೇ ತೂಗುತ್ತಿದ್ದವು. ಮುಂದಿನ ವರ್ಷ ಉಸ್ಮಾನಸಾಬರು ತೀರಿಕೊಂಡರು.

ಹೋದ ತಿಂಗಳು ಹಾರ ಹಾಕಿಸಿಕೊಂಡ ದಿನಕ್ಕೆ ಮತ್ತೆ ಬರುತ್ತೇನೆ. ಊಟ ಮುಗಿಸಿ ಕೈ ತೊಳೆಯಲು ಕಚೇರಿಯ ಒಳಗೆ ಹೋದೆ. ಹಳೆಯ ಪಟ ಇದ್ದ ಗೋಡೆಯ ಮೇಲೆ ಈಗ ಕಟ್ಟು ಹಾಕಿಸಿದ ದೊಡ್ಡ ಫೋಟೊ. ಕರಿ ಕನ್ನಡಕ, ಬೂಟು, ಬೂಟಿನ ಮೇಲೆ ಹಳದಿ ಹಕ್ಕಿ. ಕೆಳಗೆ ಚೆಂದದ ಅಕ್ಷರದಲ್ಲಿ: ರಕ್ಷಿಸಿದ ಗೀಜಗ ಪಕ್ಷಿಗಳ ಬಿಡುಗಡೆ. ಕೋರ್ಟು ಹೇಳಿತು, ನಾನು ಹೇಳಿದೆ, ಕಾಗದಕ್ಕೆ ನಂಬರು ಬಿತ್ತು, ಆದರೂ ಗೋಡೆ ಸುಳ್ಳು ಹೇಳುತ್ತ ನಿಂತಿತ್ತು!

"ಇದನ್ನ ಇಳಸ್ರಿ," ಎಂದೆ ಅಲ್ಲಿದ್ದ ಗುಮಾಸ್ತನಿಗೆ.

"ದೊಡ್ಡ ಸಾಹೇಬ್ರ ಫೋಟೊ ಅದ್ರಿ. ಈಗ ಅವರು ಭಾಳ ಮ್ಯಾಲ ಹೋಗ್ಯಾರ. ನಾವ್ಹೆಂಗ ಮುಟ್ಟೋಣ್ರಿ?" ಎಂದ.

ಬಾಗಿಲಲ್ಲಿ ಫೋನಿನ ಹೊಸ ಗಾರ್ಡ್ ನಿಂತು ನೋಡುತ್ತಿದ್ದ. ಅವನ ಜೇಬಿನ ಮಾರ್ಕರ್ ಪೆನ್ನು ಇಸಿದುಕೊಂಡೆ. ನನ್ನ ಪೆನ್ನಿಗೆ ಇನ್ನು ಯಾರ ಅಪ್ಪಣೆಯೂ ಬೇಕಿಲ್ಲ, ಮೆಮೊ ಕೊಡಲು ನನ್ನ ನೌಕರಿಯೂ ಉಳಿದಿಲ್ಲ. ಗೀಜಗ ಎಂಬ ಶಬ್ದಕ್ಕೆ ಗಾಜಿನ ಮೇಲೆ ಗೀಟು ಹಾಕಿ, ಕೆಳಗೆ ದೊಡ್ಡದಾಗಿ ಬರೆದೆ: ಜಾಫ್ರಾನಿ. ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಹಕ್ಕಿ. ಹುಟ್ಟಿದ್ದು ಶಹಾಬಾದಿನ ಉಸ್ಮಾನಸಾಬರ ಗಡಿಗೆಯಲ್ಲಿ. ಈ ಫೋಟೊ ತೆಗೆದ ಮರುದಿನ ಸತ್ತವು. ತಪ್ಪು ಹೆಸರು ಬರೆದವನು ನಾನು.

ಕೆಳಗೆ ಸಹಿ ಮಾಡಿದೆ, ಪಂಚನಾಮೆಗೆ ಮಾಡಿದಂಥದೇ ಸಹಿ.